ಬೀಗರಿಗೆ ಮಾಡಿಕೊಟ್ಟ ಚಾ

ಗದಗ, ಫೆಬ್ರುವರಿ ೩೦, ೨೧೫೧

ಕಸ್ತೂರೆವ್ವ ಆಯಿಗೆ, ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳು ಸಾವಂತ್ರಿ ಮಾಡುವ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡಿ. ಪಾಪ ಎನಿಸಿ ನಮ್ಮ ಕಾಲದವರು ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನೀವು ಕೇಳದ ಪದಗಳು ನಡುವೆ ನುಸುಳಿದರೆ ಕ್ಷಮಿಸಿ, ಬಿಡಿಸಿ ಹೇಳುತ್ತೇನೆ.

ನಿಮ್ಮ ಕಣ್ಣಿನ ಕಥೆ ನಮ್ಮ ಮನೆಯಲ್ಲಿ ಇನ್ನೂ ಹಳತಾಗಿಲ್ಲ. ಬಲಗಣ್ಣಿನ ಹಿಂಬದಿಯ ತೆಳು ಪದರ, ಅಕ್ಷಿಪಟಲ, ಕಳಚಿತ್ತು. ಆಪರೇಷನ್ ಮಾಡಿ, ಒಳಗೆ ಗ್ಯಾಸಿನ ಗುಳ್ಳೆ ಬಿಟ್ಟು, ಅದು ಪಟಲವನ್ನು ಒತ್ತಿ ಹಿಡಿಯಲು ಬೋರಲು ಮಲಗಿರಿ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಅಷ್ಟರಲ್ಲಿ ಮಗಳ ಅತ್ತೆ-ಮಾವ ನೋಡಲು ಬಂದರು. ಬೀಗರ ಮುಂದೆ ಬೋರಲು ಬಿದ್ದಿರುವುದುಂಟೇ? ನೀವು ಎದ್ದು, ಸೆರಗು ಹೊದ್ದು, ಚಾ ಮಾಡಿಕೊಟ್ಟಿರಿ. ಕೆಲವು ವಾರಗಳಲ್ಲಿ ಕಣ್ಣೊಳಗೆ ಗಾಯದ ಕಲೆಯಂಥ ಪೊರೆ ಬೆಳೆದು ಪಟಲವನ್ನು ಮತ್ತೆ ಎಳೆದು ಕಿತ್ತಿತು. “ಬೀಗ್ರು ಬಂದ್ರಂತ ಚಾ ಮಾಡಾಕ ಎದ್ಲು, ಕಣ್ಣು ಕಳಕೊಂಡ್ಲು,” ಎಂದು ನಿಮ್ಮ ನಾದಿನಿ ಆಡಿದ ಮಾತು ನನ್ನ ಕಿವಿಯವರೆಗೂ ಬಂದಿದೆ. ನೀವೂ ಅದನ್ನೇ ನಂಬಿ, ಎರಡನೇ ಆಪರೇಷನ್ ಬೇಡವೆಂದು ಮನೆಯಲ್ಲೇ ಉಳಿದಿರಂತೆ. ನೀವು ಹಾಗೆ ಬೇಡವೆನ್ನುವ ಮೊದಲೇ ಈ ಕಾಗದ ಮುಟ್ಟಲಿ ಎಂಬುದು ನನ್ನ ಆಸೆ.

ಹೋದ ವರ್ಷ ನನ್ನ ಮಗಳು ನೇಸರಿಗೆ ಅದೇ ಕಾಯಿಲೆ ಬಂತು. ಈಗಲೂ ಬೋರಲು ಮಲಗಲೇಬೇಕು. ಆದರೆ ನಮ್ಮಲ್ಲಿ ‘ಕೆಳಮಾತು’ ಎಂಬ ಪದ್ಧತಿಯಿದೆ. ರೋಗಿಯ ಮಂಚಕ್ಕೆ ಮುಖವಿಡುವ ಕಡೆ ಒಂದು ಕಿಂಡಿ. ನೋಡಲು ಬಂದವರು ಎಷ್ಟೇ ಹಿರಿಯರಾಗಿರಲಿ, ಮಂಚದಡಿ ಚಾಪೆಯ ಮೇಲೆ ಅಂಗಾತ ಮಲಗಿ ಮಾತಾಡಿಸಬೇಕು. ನೇಸರಿಯ ಮಾವ ಭಾರೀ ಗತ್ತಿನ ಮನುಷ್ಯ. ಅವರೂ ಜುಬ್ಬಾ ಮುದುರಿಕೊಂಡು ಮಂಚದಡಿಗೆ ತೂರಿ, “ಏಳಬ್ಯಾಡವ್ವಾ, ನಾನ ಇಲ್ಲಿಗೆ ಬಂದೀನಿ,” ಎಂದರು. ಸ್ವಲ್ಪ ಹೊತ್ತಿಗೆ ಅಲ್ಲೇ ಗೊರಕೆ ಹೊಡೆದರು. ನನ್ನ ಮಗಳು ಡಾಕ್ಟರು ಹೇಳಿದಷ್ಟು ಕಾಲವೂ ಕದಲಲಿಲ್ಲ. ಆದರೂ ಆಯಿ, ಅವಳ ಕಣ್ಣಲ್ಲೂ ಪೊರೆ ಬೆಳೆಯಿತು, ಪಟಲ ಮತ್ತೆ ಕಳಚಿತು.

ಎಲ್ಲಿ ತಪ್ಪಿದೆವು ಎಂದು ಡಾಕ್ಟರನ್ನು ಕೇಳಿದೆ. ತಪ್ಪು ಯಾರದೂ ಇಲ್ಲ, ಗಾಯ ಮಾಯಿಸಲು ಹೊರಟ ಕಣ್ಣಿನ ಜೀವಕಣಗಳೇ ಕೆಲವರಲ್ಲಿ ಅತಿಯಾಗಿ ದುಡಿದು ಪೊರೆ ಹೆಣೆಯುತ್ತವೆ ಎಂದರು. ನನಗೆ ಮೊದಲು ನೆನಪಾದವರು ನೀವು.

ಎರಡನೇ ಸಲ ಪೊರೆಯನ್ನು ಎಳೆಎಳೆಯಾಗಿ ಬಿಡಿಸಿ ತೆಗೆದು ‘ಕರಗುಕಾಳು’ ಇಟ್ಟರು. ಸಾಸಿವೆಗಿಂತ ಚಿಕ್ಕದಾದ ಈ ಔಷಧಿ ಕಣ್ಣೊಳಗೆ ಮೆಲ್ಲಗೆ ಕರಗುತ್ತಾ ಹೊಸ ಪೊರೆಯನ್ನು ತಡೆಯುತ್ತದೆ. ನಿನ್ನೆ ಕೊನೆಯ ತಪಾಸಣೆ ಮುಗಿಯಿತು. ಪಟಲ ಭದ್ರವಾಗಿ ಅಂಟಿಕೊಂಡಿದೆ. ನೇಸರಿ ಇನ್ನೊಂದು ಕಣ್ಣು ಮುಚ್ಚಿಕೊಂಡು ನನ್ನನ್ನು ದಿಟ್ಟಿಸಿ, “ಅವ್ವಾ, ನಿನ್ನ ಹಣೀಮ್ಯಾಲ ಇಷ್ಟು ಗೆರಿ ಯಾವಾಗ ಬಂದಾವ?” ಎಂದಳು. ನಾನು ಮನಸಾರೆ ಅತ್ತೆ. ಆಮೇಲೆ ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ.

ನಿಮ್ಮ ಕಾಲದಲ್ಲಿ ಕರಗುಕಾಳು ಇಲ್ಲ, ಗೊತ್ತು. ಆದರೆ ಪೊರೆ ಬಿಡಿಸಬಲ್ಲ ಡಾಕ್ಟರುಗಳಿದ್ದಾರೆ. ಪೂರ್ತಿ ದೃಷ್ಟಿ ಬಂದೀತೆಂದು ನಾನು ಮಾತು ಕೊಡಲಾರೆ, ಒಂದಿಷ್ಟಾದರೂ ಉಳಿಯಬಹುದು. ಬೋರಲು ಮಲಗಲು ಹೇಳಿದರೆ ಮಲಗಿ, ಬಂದವರನ್ನು ಮನೆಯವರು ನೋಡಿಕೊಳ್ಳಲಿ. ನಿಮ್ಮದಲ್ಲದ ತಪ್ಪಿಗೆ ನಿಮಗೆ ನೀವೇ ಶಿಕ್ಷೆ ಕೊಟ್ಟುಕೊಳ್ಳಬೇಡಿ. ನಿಮ್ಮ ಮಗಳು ಈಗ ಬಸುರಿ, ನಿಮಗೆ ಇನ್ನೂ ಹೇಳಿಲ್ಲ. ಆಸ್ಪತ್ರೆಗೆ ಹೋಗಿ ಆಯಿ, ಆ ಕೂಸು ನಿಮ್ಮ ಬಲಗಡೆಯಿಂದ ಓಡಿ ಬಂದಾಗಲೂ ನಿಮಗೆ ಕಾಣಲಿ.