ಎಂಟನೆಯ ಸಹಿ

ತಮ್ಮಾ,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನೆ ಭೂಸ್ವಾಧೀನ ಕಚೇರಿಯಲ್ಲಿ ವಿಚಾರಣೆ ನಡೆಯಿತು. ನಮ್ಮ ಬೀದಿಯ ಹತ್ತು ಅಂಗಡಿಗಳಲ್ಲಿ ಎಂಟು ಒಪ್ಪಿದರೆ ಸಾಕು, ಹತ್ತನ್ನೂ ಕೆಡವಿ ಕಾರ್ಖಾನೆಗೆ ಜಾಗ ಕೊಡಬಹುದಂತೆ. ಏಳು ಮಂದಿ ಮೊದಲೇ ಒಪ್ಪಿದ್ದರು. ಎಂಟನೆಯ ಒಪ್ಪಿಗೆ, ಅಪ್ಪ ನನ್ನ ಹೆಸರಿಗೆ ಬರೆದ ಪುಸ್ತಕ ಬೈಂಡಿಂಗ್ ಅಂಗಡಿಯದೆಂದು ಫೈಲಿನಲ್ಲಿತ್ತು.

ಅಧಿಕಾರಿ ಕಾಗದವನ್ನು ನನ್ನತ್ತ ತಿರುಗಿಸಿ, "ಇದು ನಿಮ್ಮ ಸಹಿ ತಾನೇ?" ಎಂದರು.

ಹೆಸರು ನನ್ನದು, ಕೈ ನಿನ್ನದು. ನಿನಗೆ ಅಕ್ಷರ ತಿದ್ದಿಸಿದವಳು ನಾನು; ನೋಡಿದೊಡನೆ ಗೊತ್ತಾಯಿತು. ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇವೆಂದು ಯಾರೋ ನಿನ್ನ ತಲೆಗೆ ತುಂಬಿದ್ದಾರೆಂದು ಕೇಳಿದ್ದೆ, ನಂಬಿರಲಿಲ್ಲ. ಒಪ್ಪಿಗೆ ಕೊಡದ ಕ್ಷೌರದಂಗಡಿ ಮಾಮ ನನ್ನ ಹಿಂದೆಯೇ ನಿಂತಿದ್ದರು.

"ನಂದಲ್ಲ" ಅಂದೆ.

"ಮತ್ತೆ ಯಾರದ್ದು?"

"ಗೊತ್ತಿಲ್ಲ ಸಾರ್."

ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಅದೇ ಮೊದಲು. ಕೆಡವುವ ಕೆಲಸ ಸದ್ಯಕ್ಕೆ ನಿಂತಿದೆ. ಆದರೆ ಸೋಮವಾರ ಮಧ್ಯಾಹ್ನ ಆ ಕಾಗದ ಪೊಲೀಸರ ಕೈ ಸೇರುತ್ತದೆ. ಅಷ್ಟರೊಳಗೆ ನೀನೇ ಬಂದು ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾದೀತೆಂದು ವಕೀಲರು ಹೇಳುತ್ತಾರೆ.

ಅಂಗಡಿಗೆ ಬರಬೇಡ. ಮಾಮನಿಗೆ ಅನುಮಾನ ಬಂದಿದೆ, ನಿನ್ನ ತಲೆ ಬೋಳಿಸಲು ಕತ್ತಿ ಮಸೆಯುತ್ತಿದ್ದಾರೆ. ನೇರ ಕಚೇರಿಗೇ ಬಾ. ಸೋಮವಾರ ಹತ್ತು ಗಂಟೆಗೆ ಮೆಟ್ಟಿಲ ಬಳಿ ನಿಂತಿರುತ್ತೇನೆ. ಇಬ್ಬರೂ ಜೊತೆಗೇ ಒಳಗೆ ಹೋಗೋಣ.

ಹನ್ನೊಂದರವರೆಗೆ ಕಾಯುತ್ತೇನೆ. ಆಮೇಲೆ ನಾನೊಬ್ಬಳೇ ಹೋಗಿ ನಿನ್ನ ಹೆಸರು ಹೇಳುತ್ತೇನೆ.

ಇಂತಿ,
ನಿನ್ನ ಅಕ್ಕ