ಸುಕನ್ಯಾಳಿಗೆ ನಾಲ್ಕು ಪುಟ, ನನಗೆ ಒಂದು ಸಾಲು

ತುರ್ವಿಹಾಳ
14 ಆಗಸ್ಟ್ 2025

ಪ್ರೀತಿಯ ಪಂಪಾವತಿ ಅಕ್ಕಾ,

ಭಾವಿ ಪೊಲೀಸರ ಸನ್ನಿಧಿಗೆ ಏಕಮಾತ್ರ ತಮ್ಮನ ನಮಸ್ಕಾರ. ಬೆಳಗಿನ ಓಟಕ್ಕೆ ಕಾಲು ಊದಿದ್ದವಲ್ಲ, ಇಳಿದವೇ? ಊಟಕ್ಕೆ ರೊಟ್ಟಿ ಕೊಡುತ್ತಾರೋ ಬರೀ ಅನ್ನವೋ ಎಂದು ಅವ್ವ ಕೇಳಿದ್ದಾಳೆ. ತರಬೇತಿಯಲ್ಲಿ ಫೋನು ಕೊಡುವುದಿಲ್ಲವಾದ್ದರಿಂದ ಈ ದೂರನ್ನು ಕಾಗದದಲ್ಲೇ ಸಲ್ಲಿಸುತ್ತಿದ್ದೇನೆ.

ದೂರು ಇಷ್ಟೇ. ಚಿಕ್ಕಪ್ಪನ ಮಗಳು ಸುಕನ್ಯಾ ತಾಲ್ಲೂಕು ಪ್ರಬಂಧ ಸ್ಪರ್ಧೆಯಲ್ಲಿ ಮೊದಲು ಬಂದಳೆಂದು ತಿಳಿದ ಕೂಡಲೇ ನೀನು ಅವಳಿಗೆ ನಾಲ್ಕು ಪುಟ ಬರೆದೆ. ತುದಿಯಲ್ಲಿ, ಸಹಿಗೆ ಉಳಿದ ಜಾಗದಲ್ಲಿ, ‘ಗಂಗಾಧರನನ್ನೂ ಕೇಳಿದೆನೆಂದು ಹೇಳು’ ಎಂದಿತ್ತು. ಗಂಗಾಧರ ಎಂದರೆ ನಾನು. ಮರೆತಿದ್ದರೆ ಎಂದು ಜ್ಞಾಪಿಸುತ್ತಿದ್ದೇನೆ. ಪೀಠಿಕೆ, ವಿಷಯ, ಪರಿಹಾರ ಎಂದು ನೀನು ಪ್ರಬಂಧ ಕಲಿಸಿದ್ದು ನನಗೆ. ಆಕೆ ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತಿದ್ದಳು.

ಸಿಂಧನೂರಿನ ಆ ಸ್ಪರ್ಧೆಯಲ್ಲಿ ಕೊಟ್ಟ ವಿಷಯ ‘ನಮ್ಮೂರಿನ ಒಂದು ಸಮಸ್ಯೆ ಮತ್ತು ಪರಿಹಾರ’. ಇಬ್ಬರೂ ಕಾಲುವೆ ನೀರಿನ ಮೇಲೆಯೇ ಬರೆದೆವು. ನಾನು ಕಾಲುವೆಯ ವೈಭವವನ್ನು ಮೂರು ಪುಟ ವರ್ಣಿಸಿ, ಇನ್ನೇನು ಸಮಸ್ಯೆಗೆ ಕೈಹಾಕಬೇಕು, ಗಂಟೆ ಹೊಡೆಯಿತು. ನಮ್ಮ ಗ್ಯಾನಪ್ಪ ಮಾಸ್ತರು ಅದನ್ನು ತರಗತಿಯಲ್ಲಿ ಓದಿ, “ಲೇ ಗಂಗಾಧರ, ಕಾಲುವಿ ಭಾಳ ಚಂದ ಹರಿಸೀದಿ. ಆದ್ರ ಯಾರ ಹೊಲಕ್ಕೂ ನೀರ ಮುಟ್ಟಿಲ್ಲಲ್ಲೋ” ಎಂದರು. ಸುಕನ್ಯಾಳದು ಒಂದೂವರೆ ಪುಟ. ಮೇಲಿನ ಹೊಲದವರು ಮೊದಲು ತೂಬು ತೆರೆದುಕೊಳ್ಳುವುದರಿಂದ ಕೆಳಗಿನವರಿಗೆ ನೀರು ಬರುವುದಿಲ್ಲ. ಆದ್ದರಿಂದ ಸರದಿ ಕೆಳಗಿನಿಂದ ಶುರುವಾಗಲಿ, ಅವರು ಸಾಕೆಂದ ಮೇಲೆ ಮೇಲಿನ ತೂಬು ತೆರೆಯಲಿ. ಮುಗಿಯಿತು. ಒಂದು ಉಪಮೆಯಾದರೂ ಬೇಡವೇ? ಚಿಕ್ಕಪ್ಪನ ಹೊಲ ಕೆಳಗಿದೆ, ನಮ್ಮದು ಮೇಲಿದೆ. ಆದರೂ ನಮ್ಮಪ್ಪ ನನ್ನೇಸಾಬನ ಚಹಾದಂಗಡಿಯಲ್ಲಿ ಅದನ್ನು ಬಂದವರಿಗೆಲ್ಲ ಓದಿಸಿ, “ನಮ್ಮ ತಮ್ಮನ ಮಗಳು ನಮ್ಮ ನೀರಿಗೇ ಕೈ ಹಾಕ್ಯಾಳ ನೋಡ್ರಿ” ಎಂದು ಹಿಗ್ಗುತ್ತಾನೆ. ನಾನು ಹಾಕಿದ್ದರೆ ಆ ಕೈ ಉಳಿಯುತ್ತಿತ್ತೇ? ಅವಳ ನ್ಯಾಯವನ್ನೇ ನಿನ್ನ ಪತ್ರಕ್ಕೂ ಅನ್ವಯಿಸಿದರೆ, ತುದಿಯಲ್ಲಿರುವ ನನ್ನಿಂದ ಅದು ಶುರುವಾಗಬೇಕಿತ್ತು. ಇದನ್ನು ಯಾವ ತೀರ್ಪುಗಾರರೂ ಗಮನಿಸಲಿಲ್ಲ.

ಅಪ್ಪ, ಅವ್ವ ಇಬ್ಬರ ಆಶೀರ್ವಾದ ಇದರೊಳಗಿದೆ. ಸುಕನ್ಯಾಳ ನಮಸ್ಕಾರವನ್ನು ಅವಳೇ ಬರೆದು ಕಳಿಸಲಿ, ಬರೆಯಲು ಬರುತ್ತದಲ್ಲ.

ಇಂತಿ, ಹೊಟ್ಟೆಯುರಿ ಬಿಟ್ಟರೆ ಉಳಿದಂತೆ ಆರೋಗ್ಯವಾಗಿರುವ ನಿನ್ನ ತಮ್ಮ,
ಗಂಗಾಧರ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಸೋಮವಾರ ಲಿಂಗಸುಗೂರಿನಲ್ಲಿ ಮುಂದಿನ ಸುತ್ತು. ಅಲ್ಲಿ ಪ್ರಬಂಧವನ್ನು ನಿಂತು ಹೇಳಬೇಕು, ಕೇಳಿದ್ದಕ್ಕೆ ಉತ್ತರಿಸಬೇಕು. ಜನ ನೋಡಿದರೆ ಸುಕನ್ಯಾಳಿಗೆ ಮಾತು ಹೊರಡದಿರುವುದು ನಿನಗೆ ಗೊತ್ತೇ ಇದೆ. “ಅಣ್ಣಾ, ನೀ ನನ್ನ ಜೋಡಿ ಜಗಳಾಡು. ನಿನ್ನ ಮ್ಯಾಲ ಸಿಟ್ಟು ಬಂದ್ರ ನಂಗ ಮಾತು ಬರ್ತಾವ” ಎಂದಳು. ದಿನಾ ಸಂಜೆ ನಾನು ಮೇಲಿನ ಹೊಲದ ಸಾಹುಕಾರನಾಗಿ ಅಡ್ಡಪ್ರಶ್ನೆ ಹಾಕುತ್ತಿದ್ದೇನೆ. ನಿನ್ನೆ, “ಮ್ಯಾಲಿನ ಹೊಲದಾಂವ ಯಾಕ ಕಾಯ್ಬೇಕು ಬೇ?” ಎಂದೆ. “ನಮ್ಮಪ್ಪ ಇಷ್ಟು ವರ್ಷ ಕಾದಾನಲ್ಲ” ಎಂದಳು, ನನ್ನ ಮುಖ ನೋಡಿಯೇ. ಅವಳು ಗೆಲ್ಲುತ್ತಾಳೆ ಅಕ್ಕಾ. ಊರೆಲ್ಲ ಅವಳನ್ನೇ ಹೊಗಳಲಿ. ಅವಳಿಗೆ ಮಾತು ಬರಿಸಿದವನು ನಾನು ಎಂದು ನಿನಗೊಬ್ಬಳಿಗೆ ಗೊತ್ತಿದ್ದರೆ ಸಾಕು. ಗೊತ್ತಾಯಿತೆಂದು ಒಂದು ಕಾಗದ ಹಾಕು, ಲಕೋಟೆಯ ಮೇಲೆ ನನ್ನೊಬ್ಬನ ಹೆಸರೇ ಇರಲಿ.