ಒಂದೇ ರಕ್ತ, ಎರಡು ರೇಟು

ಜುಲೈ 9, ಬೆಳಿಗ್ಗೆ 8.10
ಲ್ಯಾಬಿನ ಶಟರ್ ಎತ್ತುವುದರೊಳಗೇ ಫೋನ್. ಕನ್ನೊಳ್ಳಿಯ ಯಂಕಪ್ಪಜ್ಜ. ಸತತ ಮೂರನೇ ದಿನ!
"ಯವ್ವಾ, ಕೊಲೆಸ್ಟ್ರಾಲ್ ಟೆಸ್ಟಿಗೆ ಎಷ್ಟ?"
"ಐನೂರ್ರಿ. ನಿನ್ನೆನೂ ಐನೂರ, ಮೊನ್ನೆನೂ ಐನೂರ."
"ಇಂಡ್ಯಾಗ ನಾಕನೂರ ಅಂದ್ರು. ಬಾಗೇವಾಡ್ಯಾಗ ಏಳ್ನೂರ. ಯಾರ ಖರೇ ಹೇಳಾಕತ್ತೀರಿ?"
"ಹಂಗಾರ ಇಂಡಿಗೇ ಹೋಗ್ರಿ."
"ನನ್ನ ಹೆಂಡ್ತಿಗೆ ಬಸ್ ಫ್ರೀ. ನನಗ?"
ಇಟ್ಟುಬಿಟ್ಟೆ. ಈ ಸಿಂದಗಿಯಲ್ಲಿ ನಾನೊಬ್ಬಳೇ ಸಿಕ್ಕಿದೆನೇ?

ಜುಲೈ 10
ಟೆಸ್ಟ್ ಅಜ್ಜನಿಗಲ್ಲ, ಹೆಂಡತಿಗೆ. ಖಾಲಿ ಹೊಟ್ಟೆ ಬೇಕೆಂದು ದಿನಾ ಆಕೆಯನ್ನು ಕೂರಿಸಿ, ಊರೂರಿಗೆ ಫೋನ್. ಇವತ್ತು ಮುದ್ದೇಬಿಹಾಳದ ರೇಟೂ ಸಿಕ್ಕಿದೆಯಂತೆ. ಹಿಂದಿನಿಂದ ಆಕೆಯ ದನಿ ಕೇಳಿಸಿತು — "ಚಾ ಕುಡೀಲೇನ, ಸಾಯ್ಲೇನ?"
ಮುನ್ನೂರಕ್ಕೆ ಮಾಡುವ ಲ್ಯಾಬ್ ಹುಡುಕುವಷ್ಟರಲ್ಲಿ ಆ ಮುದುಕಿಗೆ ಸಲೈನ್ ಹಚ್ಚಬೇಕಾದೀತು.

ಜುಲೈ 14
ನಡುವಯಸ್ಸು ದಾಟಿದ ಹೆಂಗಸು, ಒಬ್ಬಳೇ. ಕೈಯಲ್ಲಿ ಡಾಕ್ಟರ ಚೀಟಿ. ಚೀಟಿ ಇದ್ದರೆ ಒಂಬೈನೂರು, ಇಲ್ಲದಿದ್ದರೆ ಐನೂರು. ನಡುವಿನ ನಾನೂರು ಡಾಕ್ಟರಿಗೆ. ಕೆಲಸಕ್ಕೆ ಸೇರಿದ ದಿನವೇ ಲ್ಯಾಬಿನ ಮಾಲೀಕರು, ನಮ್ಮ ಸರ್, ಕಲಿಸಿದ ಪಾಠ.
"ಎಲ್ಲಾರಿಗೂ ಇಷ್ಟ ಏನವಾ?"
"ಹ್ಞೂಂರಿ." ತಲೆ ಎತ್ತದೇ ಅಂದೆ.
ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟಳು. ರಸೀದಿ ಹರಿದ ಮೇಲೆ ಟ್ಯೂಬಿಗೆ ಹೆಸರು ಬರೆದೆ — ಹುಲಿಗೆವ್ವ, ಗಂಡ ಯಂಕಪ್ಪ, ಕನ್ನೊಳ್ಳಿ.
ಥೂ.

ಜುಲೈ 15
ಅಜ್ಜನ ಫೋನ್ ಇಲ್ಲ. ಹತ್ತು ಸಲ ನೋಡಿದೆ.

ಜುಲೈ 16, ಮಧ್ಯಾಹ್ನ 12.40
ಯಂಕಪ್ಪಜ್ಜ ತಾನೇ ಬಂದ. ಬಸ್ ಚಾರ್ಜ್ ಕೊಟ್ಟು.
"ನನಗ ಐನೂರ ಅಂದಿ, ಆಕಿ ಕಡಿಂದ ಒಂಬೈನೂರ ತಗೊಂಡಿ. ಆಕಿ ರಕ್ತದಾಗ ಬಂಗಾರ ಐತೇನ?"
ಸರ್ ಒಳಗಿದ್ದರು. ಬಾಗಿಲು ತೆರೆದಿತ್ತು. ಅದು ಬೇರೆ ಟೆಸ್ಟ್ ಎಂದೆ. ಅಜ್ಜ ರಸೀದಿ ತೋರಿಸಿದ. ಅದೇ ಟೆಸ್ಟ್.
ನನಗೂ ರೇಗಿತು. "ರೊಕ್ಕಕ್ಕ ಬಂದೀರಿ, ಹೌದಿಲ್ಲ?"
"ರೊಕ್ಕ ಇರ್ಲಿ. ಆಕಿ ನನ್ನ ಜೋಡಿ ಮಾತ ಬಿಟ್ಟಾಳ. ಸುಳ್ಳ ರೇಟ ಹೇಳಿ ಇಷ್ಟ ದಿನ ಉಪಾಸ ಕೆಡವಿದಿ ಅಂತಾಳ. ನೀನ ಒಂದ ಮಾತ ಹೇಳ ಆಕಿಗೆ." ಫೋನ್ ಹಚ್ಚಿ ನನ್ನ ಕೈಗೇ ಕೊಟ್ಟ. ಆ ಕಡೆ — "ಯಾರ?"
ಸರ್ ಕೆಮ್ಮಿದರು.
ಹೇಳಿಬಿಟ್ಟೆ. "ಅಜ್ಜಾರು ಸುಳ್ಳ ಹೇಳಿಲ್ರಿ. ರೇಟ ಐನೂರ. ಚೀಟಿ ತಂದವರ ಕಡೆ ಒಂಬೈನೂರ ತಗೋತೇವಿ. ನಾಕನೂರ ಡಾಕ್ಟರಿಗೆ ಹೋಗತೈತಿ."
ದನಿ ಏರಿತ್ತೋ ಏನೋ. ಬೆಂಚಿನ ಮೇಲೆ ಸರದಿಗೆ ಕೂತ ನಾಲ್ವರೂ ತಿರುಗಿ ನೋಡಿದರು. ನಾಲ್ವರ ಕೈಯಲ್ಲೂ ಚೀಟಿ.
ಅಜ್ಜ ಫೋನ್ ಇಸಿದುಕೊಂಡು, "ಕೇಳಿದಿಲ್ಲ? ಈಗರೆ ಮಾತಾಡ" ಎನ್ನುತ್ತ ಹೊರಗೆ ಹೋದ.
"ಸಾಕ್ಷಿ, ಒಳಗ ಬಾ" — ಸರ್. ಎರಡನೇ ಸಲ ಕರೆಯುತ್ತಿದ್ದಾರೆ. ಕೆಲಸ ಹೋದಂತೆಯೇ. ಬೆಂಚಿನ ಮೂವರು ಚೀಟಿ ಮಡಚಿ ಜೇಬಿಗಿಟ್ಟರು. ಅವರಲ್ಲೊಬ್ಬ ಎದ್ದು ಕೌಂಟರಿಗೆ ಬಂದು ಐನೂರರ ನೋಟು ಇಟ್ಟ. ನಾಲ್ಕನೆಯವಳೂ ಚೀಟಿ ಮಡಚಿ ಸೆರಗಿಗೆ ಗಂಟು ಹಾಕಿದಳು.